ಎರಡು ದಿನಕ್ಕೆಂದು ಬಂದ ಮೀನಿನ ಪೆಟ್ಟಿಗೆ

ನಮ್ಮ ಮನೆಯಲ್ಲಿ ಮೀನು ಸಾಕಿದ್ದು ಮೀನಿನ ಮೇಲಿನ ಪ್ರೀತಿಯಿಂದಲ್ಲ, ಪೈಪಿನ ವ್ಯಾಪಾರ ಏಳಲಿ ಎಂದು. ಶಹಾಪುರದಲ್ಲಿ ನಮ್ಮ ಮನೆಯವರದು ಪೈಪು, ಮೋಟರು, ನಲ್ಲಿಗಳ ಅಂಗಡಿ. ಕಾಲುವೆಗೆ ನೀರು ಬಿಟ್ಟರೆ ಪೈಪು ಖರ್ಚಾಗುತ್ತವೆ, ಬಿಡದಿದ್ದರೆ ಅಂಗಡಿಯಲ್ಲೇ ಬಿದ್ದಿರುತ್ತವೆ. ನಾರಾಯಣಪುರದ ಅಣೆಕಟ್ಟಿನಲ್ಲಿ ಗೇಟು ಎತ್ತುವವನಿಗೂ ಗೊತ್ತಿರುವ ಈ ಸಂಗತಿಯನ್ನು ನಮ್ಮ ಮನೆಯವರು ಮಾತ್ರ ಒಪ್ಪಲಿಲ್ಲ. ದೋಷ ಮನೆಯಲ್ಲೇ ಇದೆ ಎಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು. ಆ ದೋಷ ನಾನೇ ಇರಬಹುದೆಂದು ಸ್ವಲ್ಪ ದಿನ ಹೆದರಿದ್ದೆ. ಕಡೆಗೆ ಅದು ಈಶಾನ್ಯ ಮೂಲೆ ಎಂದು ಗೊತ್ತಾಗಿ ಸಮಾಧಾನವಾಯಿತು.

ಆ ಮೂಲೆಯನ್ನು ಹಿಡಿದುಕೊಟ್ಟವರು ಯಾದಗಿರಿಯಿಂದ ಬಂದ ವಾಸ್ತು ಸರ್. ನೌಕರಿಯಲ್ಲಿದ್ದಾಗ ಅವರು ಸರ್ವೇಯರ್. ಬದುಕೆಲ್ಲ ಮಂದಿಯ ಹೊಲ ಅಳೆದು, ನಿವೃತ್ತಿಯಾದ ಮೇಲೆ ಮಂದಿಯ ಅದೃಷ್ಟ ಅಳೆಯಲು ಹಿಡಿದಿದ್ದರು. ಟೇಪು ಮಾತ್ರ ಅದೇ. ಪಡಸಾಲೆಯ ಉದ್ದಗಲ ಅಳೆದು, ನಾನು ಕೊಟ್ಟ ಚಹಾ ಕುಡಿದು, ತೀರ್ಪು ಕೊಟ್ಟರು.

"ಈಶಾನ್ಯ ಒಣಗಿ ಕೂತದ್ರಿ ಸಾವಕಾರ್ರ. ಇಲ್ಲಿ ನೀರು ಬೇಕು. ನೀರಾಗ ಓಡಾಡೋ ಜೀವ ಬೇಕು. ಎಂಟು ಕೆಂಪು ಮೀನು, ಒಂದು ಕರೀದು."

ನಮ್ಮದು ಲಿಂಗ ಕಟ್ಟಿದ ಮನೆ. ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ನನ್ನ ಅತ್ತೆ ತಲೆ ಎತ್ತಿದರು.

"ನಮ್ಮ ಮನ್ಯಾಗ ಮೀನಾ?"

"ತಿನ್ನಾಕಲ್ರಿ ಅವ್ವಾರ, ನೋಡಾಕ."

"ನಾವು ತಿನ್ನಂಗಿಲ್ಲ, ಖರೆ. ಅವೇನು ತಿಂತಾವ?"

ವಾಸ್ತುಶಾಸ್ತ್ರದಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಸರ್ ಟೇಪು ಸುತ್ತಿಕೊಂಡು ಎದ್ದರು. ಉತ್ತರ ತಂದವರು ನಮ್ಮ ಮನೆಯವರೇ. ಅಕ್ವೇರಿಯಂ ಜೊತೆ ಒಂದು ಸಣ್ಣ ಡಬ್ಬಿ ತಂದು, "ಕಾಳು ಯವ್ವಾ, ಮೀನಿನ ಕಾಳು" ಎಂದು ಅತ್ತೆಯ ಕೈಗಿಟ್ಟರು. ಅತ್ತೆಗೆ ಓದಲು ಬರುವುದಿಲ್ಲ. ಆದರೆ ಹಸಿರು ಚುಕ್ಕಿ ಇದ್ದ ಪೊಟ್ಟಣ ನಮ್ಮದು, ಕಂದು ಚುಕ್ಕಿಯದು ನಮ್ಮದಲ್ಲ ಎನ್ನುವಷ್ಟು ಟೀವಿ ನೋಡಿ ಕಲಿತಿದ್ದರು. ಈ ಡಬ್ಬಿಗೆ ಚುಕ್ಕಿಯಲ್ಲ, ಇಡೀ ಮುಚ್ಚಳವೇ ಹಸಿರಾಗಿತ್ತು. ಇದಕ್ಕಿಂತ ಶುದ್ಧ ಶಾಕಾಹಾರ ಎಲ್ಲಿ ಸಿಗಬೇಕು! ಡಬ್ಬಿಗೆ ಗೋಡೆಯೊಳಗಿನ ದೇವರ ಮಾಡದಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿ, ಜಾಗ ಸಿಕ್ಕಿತು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡ ಅದೇ ಮೂರು ಬೆರಳಲ್ಲಿ ಅತ್ತೆ ಒಂದು ಚಿಟಿಕೆ ತೆಗೆದು ನೀರಿಗೆ ಉದುರಿಸುವರು. "ಬರ್ರಿ, ಪ್ರಸಾದ ತಿನ್ರಿ" ಎನ್ನುವರು. ಒಂಬತ್ತೂ ಮೀನು ಬಾಯಿ ತೆರೆದು ಮೇಲೆ ಬರುವವು.

ನಾನು ಹತ್ತಿರದ ಗೋಗಿ ಊರಿನ ಶಾಲೆಯಲ್ಲಿ ಮಾಸ್ತರಿಕೆ ಮಾಡುವವಳು. ಕಣ್ಣಿಗೆ ಬಿದ್ದ ಅಕ್ಷರ ಓದದೆ ಬಿಡಲಾರದ ಚಟ ನನಗಿದೆ. ಭಜಿ ಕಟ್ಟಿಕೊಟ್ಟ ಪೇಪರನ್ನೂ ಬಿಡುವುದಿಲ್ಲ. ಮೊದಲ ವಾರವೇ ಡಬ್ಬಿ ತಿರುಗಿಸಿ ಓದಿದ್ದೆ. ಹಿಂದೆ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ ಬರೆದಿದ್ದರು: ಒಣಮೀನಿನ ಪುಡಿ, ಸಿಗಡಿ ಪುಡಿ, ಆಮೇಲೆ ಗೋಧಿ ಹಿಟ್ಟು. ನನ್ನ ಅತ್ತೆ ದಿನಾ ಲಿಂಗಪೂಜೆ ಮುಗಿಸಿ ಮೀನಿಗೆ ಮೀನು ಉಣಿಸುತ್ತಿದ್ದರು.

ಹೇಳಬೇಕಿತ್ತು. ಹೇಳಲಿಲ್ಲ. ಮೊಣಕಾಲು ನೋವಿನ ಅತ್ತೆ ಕುರ್ಚಿ ಹಾಕಿಕೊಂಡು ಆ ಮೀನುಗಳ ಮುಂದೆ ನಗುತ್ತ ಕೂತಿರುವುದನ್ನು ನೋಡಿ ಮನಸ್ಸಾಗಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ಇನ್ನರ್ಧ ಏನೆಂದರೆ, ಮಾತುಮಾತಿಗೆ ನನ್ನ ಅಡುಗೆ, ನನ್ನ ಮಡಿ, ನನ್ನ ತವರು ಕೊಂಕಲಿನ ಪದ್ಧತಿ ಎಲ್ಲದರಲ್ಲೂ ಕಲ್ಲು ಹುಡುಕುವ ಅತ್ತೆಯ ದೇವರ ಮಾಡದಲ್ಲೇ ಸಿಗಡಿ ಕೂತಿದೆ ಎನ್ನುವುದು ನನಗೆ ಒಳಗೊಳಗೇ ಖುಷಿ ಕೊಡುತ್ತಿತ್ತು. ಬೈಸಿಕೊಂಡ ದಿನ ಒಮ್ಮೆ ಆ ಡಬ್ಬಿಯ ಕಡೆ ನೋಡಿದರೆ ಸಾಕು, ರೊಟ್ಟಿ ಬಡಿಯುವ ಕೈಗೆ ಹುರುಪು ಬರುತ್ತಿತ್ತು.

ಎರಡು ವರ್ಷವಾಯಿತು. ಪೈಪು ಅಂಗಡಿಯಲ್ಲೇ ಇದ್ದವು. ವಾಸ್ತು ಸರ್ ಮತ್ತೆ ಬಂದರು, ಮತ್ತೆ ಅಳೆದರು, ಮತ್ತೆ ಚಹಾ ಕುಡಿದರು. ಮೂಲೆ ಸರಿಯಿತ್ತು, ಮೀನು ಸರಿಯಿದ್ದವು, ಪೆಟ್ಟಿಗೆ ಮಾತ್ರ ಸಣ್ಣದಾಗಿತ್ತಂತೆ. ನಾಲ್ಕು ಫೂಟಿನ ಹೊಸ ಅಕ್ವೇರಿಯಂ ಬಂತು. ಒಂಬತ್ತು ಮೀನು ಅದಕ್ಕೆ ವರ್ಗವಾದವು. ಹಳೆಯದು ಉಳಿಯಿತು.

"ಅದನ್ನ ಯಾರಿಗರೆ ಕೊಟ್ಟುಬಿಡೂಣೇನ್ರಿ?" ನಮ್ಮ ಮನೆಯವರು ಕೇಳಿದರು.

ಸರ್ ಗಾಬರಿಯಾದರು. "ನೀರು ಹಿಡಿದ ಪಾತ್ರಿ ಹೊಸ್ತಿಲ ದಾಟಿತು ಅಂದ್ರ ಬರಕತ್ತನೂ, ಮನಿ ಏಳಿಗಿನೂ ಅದರ ಕೂಡ ದಾಟ್ತದ. ಮನ್ಯಾಗೇ ಇರ್ಲಿ. ಖಾಲಿ ಇಡಬ್ಯಾಡ್ರಿ. ನೀರು ತುಂಬಿ ನೆಲಕ್ಕೂ ಇಡಬ್ಯಾಡ್ರಿ."

ಹೊರಗೆ ಕಳಿಸುವಂತಿಲ್ಲ, ಖಾಲಿ ಇಡುವಂತಿಲ್ಲ, ನೆಲಕ್ಕಿಡುವಂತಿಲ್ಲ. ಇಂಥ ಯಾವುದೇ ವಸ್ತುವಿಗೆ ನಮ್ಮ ಮನೆಯಲ್ಲಿ ಒಂದೇ ಜಾಗ, ನನ್ನ ಮೇಜು. "ಎರಡು ದಿನ ಇರ್ಲಿ" ಎಂದು ಅದನ್ನು ಅಲ್ಲಿಟ್ಟು, ಅರ್ಧಕ್ಕೆ ನೀರು ತುಂಬಿ, ನಮ್ಮ ಮನೆಯವರು ಅಂಗಡಿಗೆ ಹೋದರು.

ಆ ಮೇಜಿನ ಬಗ್ಗೆ ಎರಡು ಮಾತು ಹೇಳಬೇಕು. ಮದುವೆಯಲ್ಲಿ ಎಲ್ಲರ ಅಪ್ಪಂದಿರೂ ಅಲ್ಮಾರಿ ಕೊಡುತ್ತಾರೆ. ನನ್ನ ಅಪ್ಪ ಹೊಲದ ಬದುವಿನ ಬೇವಿನ ಮರ ಕಡಿಸಿ, ಕೊಂಕಲಿನ ಬಡಿಗನ ಕೈಲಿ ಮೇಜು ಮಾಡಿಸಿದ. ಅದರ ಒಂದು ಕಾಲು ಉಳಿದವುಗಳಿಗಿಂತ ಬೆರಳಷ್ಟು ಗಿಡ್ಡ. "ಕೂತು ಓದಾಕಿ ನೀ, ಸೀರಿ ಎಲ್ಲಿ ಇಟ್ಟರೂ ನಡೀತದ" ಎಂದಿದ್ದ. ಅದು ಟಂಟಂ ಆಟೋದಲ್ಲಿ ನಮ್ಮ ಮನೆ ಮುಂದೆ ಇಳಿದಾಗ ಅತ್ತೆ ಸುತ್ತ ತಿರುಗಿ ನೋಡಿ, "ಇದರ ಮ್ಯಾಲ ಏನಿಡೂದು?" ಎಂದು ಕೇಳಿದ್ದರು. ಅಂದಿನಿಂದ ಅದಕ್ಕೆ ಉತ್ತರ ಹುಡುಕುತ್ತಲೇ ಇದ್ದಾರೆ. ಇಸ್ತ್ರಿಪೆಟ್ಟಿಗೆ, ಜೋಳದ ಹಿಟ್ಟಿನ ಡಬ್ಬ, ಕೆಟ್ಟ ಮಿಕ್ಸರ್, ಅಂಗಡಿಯ ಸ್ಯಾಂಪಲ್ ನಲ್ಲಿಗಳು. ಒಂದೊಂದನ್ನೂ ಉಪಾಯದಿಂದ ಇಳಿಸಿ, ಹನ್ನೆರಡು ವರ್ಷಕ್ಕೆ ಮೇಜನ್ನು ನನ್ನದಾಗಿಸಿಕೊಂಡಿದ್ದೆ. ಶಾಲೆಯಿಂದ ಬಂದು, ಒಲೆ ಹಚ್ಚುವ ಮೊದಲು, ಐದರಿಂದ ಆರು ಗಂಟೆಯವರೆಗೆ ಅಲ್ಲಿ ಕೂಡುತ್ತಿದ್ದೆ. ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದೆ. ಮಗಳು ಹಾಸ್ಟೆಲಿಗೆ ಹೋದ ಮೇಲೆ ನನ್ನದೇ ಒಂದು ನೋಟ್‌ಬುಕ್ಕಿನಲ್ಲಿ ಏನಾದರೂ ಬರೆಯುತ್ತಿದ್ದೆ. ಇಡೀ ದಿನದಲ್ಲಿ ನಾನು ಯಾರ ಸೊಸೆಯೂ, ಯಾರ ಟೀಚರೂ ಅಲ್ಲದ ಒಂದೇ ತಾಸು ಅದು.

ನೀಲಿ ರಟ್ಟಿನ ಆ ಪುಸ್ತಕವನ್ನು ನಾನೆಂದೂ ಮುಚ್ಚಿಟ್ಟವಳಲ್ಲ. ನಮ್ಮ ಮನೆಯವರು ಓದುವುದು ಪೈಪಿನ ಮೇಲಿನ ಇಂಚು ಮಾತ್ರ. ಅತ್ತೆಯ ಮಾತು ಆಗಲೇ ಹೇಳಿದೆ. ಒಂದು ಪುಟದ ಮೂಲೆಯಲ್ಲಿ ಸುಮ್ಮನೆ ಒಂದು ಮೀನಿನ ಚಿತ್ರ ಬಿಡಿಸಿ, ಅದರ ಕೆಳಗೆ ಹೀಗೆ ಬರೆದಿದ್ದೆ: "ಡಬ್ಬಿಯಲ್ಲಿ ಏನಿದೆ ಎಂದು ನನಗೆ ಮೊದಲ ವಾರದಿಂದ ಗೊತ್ತು. ಅತ್ತೆಗೆ ಓದಲು ಬರುವುದಿಲ್ಲ. ಹಾಗಾಗಿ ಆ ಡಬ್ಬಿಗೂ ಭಯವಿಲ್ಲ, ಈ ಪುಸ್ತಕಕ್ಕೂ ಬೀಗ ಬೇಕಿಲ್ಲ." ಬರೆದ ದಿನ ಅದನ್ನು ನಾಲ್ಕು ಸಲ ಓದಿಕೊಂಡು ಹೆಮ್ಮೆಪಟ್ಟಿದ್ದೆ.

ಈಗ ಮೇಜಿನ ಮೇಲೆ ನೀರು ಕೂತಿತು. ಎರಡು ದಿನ ಎರಡು ವಾರವಾಯಿತು, ಆರು ವಾರವಾಯಿತು. ನಾನು ಅಡುಗೆಮನೆಯ ಕಟ್ಟೆಯ ಮೇಲೆ, ಈರುಳ್ಳಿ ಸಿಪ್ಪೆ ಸರಿಸಿ, ಮಕ್ಕಳ ಭಾಗಾಕಾರ ತಿದ್ದತೊಡಗಿದೆ. ಗೋಗಿಯ ಮಕ್ಕಳ ನೋಟ್‌ಬುಕ್ಕಿನಲ್ಲಿ ಅರಿಶಿನದ ಬೆರಳಚ್ಚು ಬಿದ್ದವು. ಪೆಟ್ಟಿಗೆಯ ಮೂಲೆಯಿಂದ ಹನಿ ಜಿನುಗಿ ಮೇಜಿನ ಡ್ರಾ ಉಬ್ಬಿ ಹಿಡಿದುಕೊಂಡಿತು, ಎಳೆದರೆ ಬಾರದು. ಅಪ್ಪ ಹೋಗಿ ಮೂರು ವರ್ಷವಾಗಿದೆ. ಉಬ್ಬಿದ ಆ ಬೇವಿನ ಹಲಗೆಯ ಮೇಲೆ ಕೈಯಾಡಿಸಿದಾಗ ನನಗೆ ಅಳು ಬಂತು, ಅದರ ಬೆನ್ನಿಗೇ ಸಿಟ್ಟು ಬಂತು.

ಸಿಟ್ಟಿಗೆ ಕಾರಣ ಬರೀ ಪೆಟ್ಟಿಗೆಯಲ್ಲ. ಅದನ್ನು ಏನು ಮಾಡಬೇಕೆಂದು ಮನೆಯಲ್ಲಿ ದಿನಾ ಚರ್ಚೆ ನಡೆಯುತ್ತಿತ್ತು, ಎಲ್ಲರನ್ನೂ ಕೇಳುತ್ತಿದ್ದರು, ನನ್ನನ್ನು ಬಿಟ್ಟು. ಅತ್ತೆಗೆ ಅದರಲ್ಲಿ ಸಂಡಿಗೆ ತುಂಬಿಡುವ ಆಸೆ. ಗಾಜಿನ ಮೇಲೆ ಇರುವೆ ಹತ್ತುವುದಿಲ್ಲ ಎನ್ನುವುದು ಅವರ ವಾದ. ಸುರಪುರದಿಂದ ನಾದಿನಿ ಬಂದಳು. ಅವಳಿಗೆ ಪೆಟ್ಟಿಗೆಯನ್ನೇ ಒಯ್ಯುವ ಮನಸ್ಸಿತ್ತು. ಬರಕತ್ತು ಹೊಸ್ತಿಲು ದಾಟುವ ಸಂಗತಿ ತಿಳಿದ ಮೇಲೆ ಆ ಮನಸ್ಸು ಇನ್ನೂ ಗಟ್ಟಿಯಾಯಿತು. ಅದು ಆಗದೆಂದಾಗ, "ಪ್ಲಾಸ್ಟಿಕ್ ಮೀನು ಸಿಗ್ತಾವ ಅಣ್ಣಾ, ಸೆಲ್ ಹಾಕಿದ್ರ ತಿರುಗ್ತಾವ. ಕೂಳು ಬ್ಯಾಡ, ತೊಳಿಯೂದು ಬ್ಯಾಡ, ಸಾಯಂಗಿಲ್ಲ" ಎಂದಳು. ನಮ್ಮ ಮನೆಯವರು ಯೋಚನೆಗೆ ಬಿದ್ದರು. ಪ್ಲಾಸ್ಟಿಕ್ ಮೀನು ಜೀವ ಎಂದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಯಾದಗಿರಿಗೆ ಫೋನ್ ಹಚ್ಚಿ ಕೇಳಿದರು. ಬರುವುದಿಲ್ಲವಂತೆ.

"ನನ್ನ ಮೇಜು ಖಾಲಿ ಮಾಡ್ರಿ" ಎಂದು ನಾನು ನಡುವೆ ಒಂದು ಸಲ ಬಾಯಿ ಹಾಕಿದೆ.

"ಮೇಜು ಎಲ್ಲಿ ಓಡಿ ಹೊಕ್ಕದ?" ಎಂದರು ನಮ್ಮ ಮನೆಯವರು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರೆ. ಇಲ್ಲಿ ಮೂವರೂ ಮೂರು ಕಡೆ ಎಳೆದು, ಪೆಟ್ಟಿಗೆ ಇದ್ದಲ್ಲೇ ಇತ್ತು. ಅದನ್ನು ಅಲುಗಿಸಿದವಳು ಓಣಿಯ ಆಶಾ ಕಾರ್ಯಕರ್ತೆ. ಸೊಳ್ಳೆಯ ಹುಳ ಹುಡುಕುತ್ತ ಮನೆಮನೆಯ ಬ್ಯಾರೆಲ್ಲು, ಹೂಜಿ ಇಣುಕುತ್ತ ಬಂದವಳು ನನ್ನ ಮೇಜಿನ ಮುಂದೆ ನಿಂತು ಬ್ಯಾಟರಿ ಬೆಳಕು ಬಿಟ್ಟಳು. ನಿಂತ ನೀರಿನಲ್ಲಿ ಹುಳಗಳು ಖುಷಿಯಾಗಿ ಬಳುಕುತ್ತಿದ್ದವು. ಅವಳಿಗೆ ನಗು ತಡೆಯಲಾಗಲಿಲ್ಲ.

"ಟೀಚರ್ ಮನ್ಯಾಗ ಹುಳಾ ಅದಾವ ಅಂತ ಬರೀಲೇನ್ರಿ?"

ಅದೇ ವಾರ ಗೋಗಿಯಲ್ಲಿ ಐದನೆಯ ತರಗತಿಗೆ ನಾನು 'ನಿಂತ ನೀರು, ಸೊಳ್ಳೆಯ ತವರು' ಎಂದು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಮಕ್ಕಳ ಕೈಲಿ ಹತ್ತು ಸಲ ಹೇಳಿಸಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಇಲ್ಲಾ ನೀರು ಚೆಲ್ರಿ, ಇಲ್ಲಾ ಹುಳಾ ತಿನ್ನೋ ಮೀನು ಬಿಡ್ರಿ" ಎಂದು ಅವಳು ಹೇಳಿ, ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೋದಳು.

ನಮ್ಮ ಮನೆಯವರು ಎರಡನೆಯದನ್ನು ಹಿಡಿದರು. ಮರುದಿನ ಯಾದಗಿರಿಗೆ ಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಫೈಟರ್ ಮೀನು ತಂದರು. ನೀಲಿ ಮೈ, ಲಂಗದಂಥ ಬಾಲ. ಮೀನಿನ ಅಂಗಡಿಯವನು ಹೇಳಿದ್ದನ್ನು ನಮಗೂ ಹೇಳಿದರು.

"ಇದು ಒಂದೇ ಇರಬೇಕಂತ. ಜೊತಿಗಿ ಇನ್ನೊಂದು ಹಾಕಿದ್ರ ಕಚ್ಚಾಡ್ತದಂತ. ಇದಕ್ಕ ಇದರದೇ ಜಾಗ ಬೇಕು, ಯಾರೂ ತ್ರಾಸ ಕೊಡಬಾರದಂತ. ಇನ್ನ ಇದು ಇಲ್ಲೇ ಇರ್ತದ, ಕಾಯಂ. ನಿನ್ನ ಪುಸ್ತಕ ಅಷ್ಟು ಅತ್ತಾಗ ಇಟ್ಕೊ."

ಹೆಬ್ಬೆರಳಿನಷ್ಟು ಮೀನಿಗೆ ಈ ಮನೆಯಲ್ಲಿ ಯಾರೂ ತ್ರಾಸ ಕೊಡದ ಜಾಗ ಸಿಕ್ಕಿತು, ಅದೂ ನನ್ನ ಅಪ್ಪ ಕೊಟ್ಟ ಮೇಜಿನ ಮೇಲೆ. ಬದುಕಿನಲ್ಲಿ ಮೊದಲ ಸಲ ಒಂದು ಮೀನಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ನೀರು ಬದಲಿಸಿ, ಚೀಲದ ಬಾಯಿ ಬಿಚ್ಚಿ ಮೀನು ಬಿಟ್ಟರು. ನಾನು ಕೆಂಪು ಶಾಯಿಯ ಪೆನ್ನು, ನೋಟ್‌ಬುಕ್ಕುಗಳ ಗಂಟು, ನೀಲಿ ಪುಸ್ತಕ ಎತ್ತಿಕೊಂಡು ನಿಂತಿದ್ದೆ. ಆಗ ಅತ್ತೆ ದೇವರ ಮಾಡದಿಂದ ಡಬ್ಬಿ ತಂದು ನನ್ನ ಮುಂದೆ ಹಿಡಿದರು.

"ಇದು ಬ್ಯಾರೆ ಜಾತಿ ಮೀನು. ಈ ಕಾಳು ಇದಕ್ಕ ನಡೀತದೋ ಇಲ್ಲೋ, ಹಿಂದ ಏನೋ ಬರದಾರ, ಜರಾ ಓದಿ ಹೇಳವಾ."

"ನಡೀತದ್ರಿ" ಎಂದರೆ ಮುಗಿಯುತ್ತಿತ್ತು. ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದವಳಿಗೆ ಒಂದು ಪದ ಹೇಳುವುದು ಕಷ್ಟವಿರಲಿಲ್ಲ. ಆದರೆ ಕೈಯಲ್ಲಿ ಗಂಟು ಹಿಡಿದು ನನ್ನ ಮೇಜಿನ ಮುಂದೆ ನಾನೇ ಹೊರಗಿನವಳಂತೆ ನಿಂತಿದ್ದೆ. ಗಂಟು ಕೆಳಗಿಟ್ಟು, ಡಬ್ಬಿ ತಿರುಗಿಸಿ, ತರಗತಿಯಲ್ಲಿ ಓದುವ ದನಿಯಲ್ಲಿ, ಪದಪದಕ್ಕೂ ಅರ್ಥ ಹೇಳುತ್ತ ಓದಿದೆ. ಒಣಮೀನಿನ ಪುಡಿ. ಸಿಗಡಿ ಪುಡಿ. ಗೋಧಿ ಹಿಟ್ಟು.

"ಮೀನಿಗೆ ಮೀನಾ?" ಎಂದರು ಅತ್ತೆ. ತಮ್ಮ ಬಲಗೈಯ ಮೂರು ಬೆರಳನ್ನು ಎತ್ತಿ ನೋಡಿಕೊಂಡರು. ನಮ್ಮ ಮನೆಯವರು ನನ್ನನ್ನು ನುಂಗುವಂತೆ ನೋಡುತ್ತಿದ್ದರು.

"ನಿನಗ ಯಾವಾಗ ಗೊತ್ತಾತವಾ?"

"ಈಗ ಓದಿದ್ನೆಲ್ರಿ ಅತ್ತಿ. ಈಗೇ."

ಅತ್ತೆ ಒಳಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡರು. ದೇವರ ಮಾಡವನ್ನು ಮೂರು ಸಲ ಒರೆಸಿದರು. ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ನಾನು ಗೆದ್ದಿದ್ದೆ, ಆದರೆ ಬಡಿಸಿಕೊಂಡ ರೊಟ್ಟಿ ನನಗೂ ಇಳಿಯಲಿಲ್ಲ. ಅವರ ಮಡಿಯನ್ನು ನೋಡಿ ಎಷ್ಟು ಸಲ ನಕ್ಕಿದ್ದೇನೋ ಏನೋ, ಅವರು ಆ ಬೆರಳು ನೋಡಿಕೊಂಡ ರೀತಿ ಮಾತ್ರ ನಗುವಂಥದ್ದಾಗಿರಲಿಲ್ಲ. ಡಬ್ಬಿಗಿಂತ ದೊಡ್ಡ ಸುಳ್ಳನ್ನು ನಾನು ಒಂದೇ ಉಸಿರಿನಲ್ಲಿ ಹೇಳಿದ್ದೆ.

ಬೆಳಿಗ್ಗೆ ಅತ್ತೆ ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಪಂಚಾಯಿತಿಗೆ ಕೂತರು.

"ಯವ್ವಾ, ಮೀನಿನ ಜಾತಿನೇ ಹಂಗ" ಎಂದು ನಮ್ಮ ಮನೆಯವರು ಶುರು ಮಾಡಿದರು.

"ಅದರ ಜಾತಿ ಅದಕ್ಕ ಇರ್ಲಿ. ಅದು ತಿನ್ನಲಿ, ನಾ ಬ್ಯಾಡ ಅನ್ನಂಗಿಲ್ಲ. ಹುಟ್ಟಿಸಿದವ ಹಂಗೇ ಹುಟ್ಟಿಸ್ಯಾನ. ನನ್ನ ಕೈಲೆ ಬ್ಯಾಡ, ದೇವರ ಮುಂದ ಬ್ಯಾಡ. ಆ ಡಬ್ಬಿ ನಿನ್ನ ಗಾಡ್ಯಾಗ ಇಟ್ಕೊ, ನೀನೇ ಹಾಕು. ಈ ಕಾದಾಡೋ ಮೀನು ನಿನ್ನ ಅಂಗಡಿಗೆ ಒಯ್ಯಿ, ಗಿರಾಕಿ ಕೂಡ ಕಾದಾಡ್ಲಿ."

"ಮತ್ತ ಈ ಪೆಟ್ಟಿಗಿ?"

"ಅದರಾಗಿನ ನೀರು ಕರಿಬೇವಿಗೆ ಹಾಕು. ಒರಸಿ, ಮೇಜಿನ ಬಾಜೂಕ ನೆಲಕ್ಕಿಡು. ಇನ್ನ ಪ್ಯಾಟಿಯಿಂದ ಏನು ಬಂದ್ರೂ, ಡಬ್ಬಿ ಇರ್ಲಿ ಪುಡಾ ಇರ್ಲಿ, ಸೀದಾ ಇದರಾಗ ಬೀಳಬೇಕು. ಇಕಿ ಓದಿ ಹೇಳಬೇಕು. ಓದಿದ್ದು ಒಳಗ ಬರ್ಲಿ. ಓದಲಾರದ್ದು ಇನ್ನ ನನ್ನ ಅಡಗಿಮನಿ ಹೊಸ್ತಿಲ ದಾಟಂಗಿಲ್ಲ."

ನಮ್ಮ ಮನೆಯವರು ಯಾದಗಿರಿಗೆ ಫೋನ್ ಹಚ್ಚಿದರು. ಪೆಟ್ಟಿಗೆ ಮನೆಯಲ್ಲೇ ಇದೆಯಲ್ಲ, ಖಾಲಿ ಇಲ್ಲವಲ್ಲ, ನಡೆಯುತ್ತದೆ ಎಂದರಂತೆ ಸರ್. ನೀರಿಲ್ಲದ್ದನ್ನು ನೆಲಕ್ಕಿಡಲು ಅಡ್ಡಿಯಿರಲಿಲ್ಲ. ಇಷ್ಟು ದಿನ ಯಾರಿಗೂ ಹೊಳೆಯದ ಉಪಯೋಗ ಹೀಗೆ ಸಿಕ್ಕಿತು. ಮೇಜು ನನಗೆ ಬಂತು. ಬಿಸಿಲಿಗೆ ಇಟ್ಟು ಒಣಗಿಸಿದ ಮೇಲೆ ಡ್ರಾ ಕೂಡ, ಸ್ವಲ್ಪ ಗೊಣಗಿ, ತೆರೆಯಿತು.

ಮೇಜು ನನ್ನದಾಯಿತು, ತಾಸು ಮಾತ್ರ ಅತ್ತೆಯದಾಯಿತು. ಐದಕ್ಕೆ ನಾನು ಕೂತರೆ ಸಾಕು, ಎದುರಿಗೆ ಕುರ್ಚಿ ಎಳೆದುಕೊಂಡು ಕೂಡುವರು. ಪೆಟ್ಟಿಗೆಗೆ ಕೈ ಹಾಕಿ ಒಂದು ಪೊಟ್ಟಣ ತೆಗೆಯುವರು. "ಓದು." ಬಿಸ್ಕೀಟು, ಇಂಗು, ಸೇವಿಗೆ, ಹಲ್ಲುಪುಡಿ, ಬಟ್ಟೆ ಸೋಪು. ಸೋಪನ್ನು ಯಾರೂ ತಿನ್ನುವುದಿಲ್ಲ ಎಂದರೆ, "ಅದೇ ಕೈಲೆ ಉಣ್ಣಂಗಿಲ್ಲೇನು?" ಎನ್ನುವರು. ನಾನು ಬೇಗ ಮುಗಿಸಲು ಹಾರಿಸಿ ಓದುತ್ತೇನೆಂದು ಎರಡನೆಯ ದಿನವೇ ಅವರಿಗೆ ಗುಮಾನಿ ಬಂತು. ಅಂದಿನಿಂದ ಒಂದನೆಯ ತರಗತಿಯ ಮಕ್ಕಳಂತೆ ಸಾಲಿನ ಕೆಳಗೆ ಬೆರಳಿಟ್ಟು ಓದಬೇಕಾಯಿತು. ಅಕ್ಷರ ಬಾರದ ಅತ್ತೆಯ ಕಣ್ಣು ನನ್ನ ಬೆರಳಿನ ಹಿಂದೆಯೇ ಹೋಗುತ್ತಿತ್ತು. ತಯಾರಾದ ಊರು, ಕೆಡುವ ತಾರೀಖು, ಒಣ ಜಾಗದಲ್ಲಿ ಇಡಿ ಎನ್ನುವ ಬುದ್ಧಿಮಾತು, ಒಂದನ್ನೂ ಬಿಡುವಂತಿರಲಿಲ್ಲ. ಒಂದು ಫಿನಾಯಿಲಿನ ಮೇಲೆ 'ಮಕ್ಕಳ ಕೈಗೆ ಸಿಗದಂತೆ ಇಡಿ' ಎಂದಿತ್ತು. "ಅಂಥಾದ್ದು ಮಾಡೂದಾದ್ರೂ ಯಾಕ?" ಎಂದು ಅತ್ತೆ ಕೇಳಿದರು.

ಸುರಪುರದ ನಾದಿನಿ ತಂದ ಕೇಕು ಮೂರು ದಿನ ಗಾಜಿನೊಳಗೆ ಸರದಿ ಕಾಯಿತು. ಓದಿದೆ, ಮೊಟ್ಟೆ ಇತ್ತು. "ವೈನಿ, ನೀವು ಓದಿದ್ದೇ ತಪ್ಪಾತು ನೋಡ್ರಿ" ಎಂದು ಅವಳು ಫೋನಿನಲ್ಲಿ ಮುನಿಸಿಕೊಂಡಳು. ಬರುಬರುತ್ತ ಓಣಿಯ ಹೆಂಗಸರೂ ಸೆರಗಿನಲ್ಲಿ ಒಂದೊಂದು ಪೊಟ್ಟಣ ಹಿಡಿದು ಬರತೊಡಗಿದರು. ನಾನು ಗೊಣಗುತ್ತಿದ್ದೆ. ಆದರೆ ನಿಜ ಹೇಳಬೇಕೆಂದರೆ, ಅಷ್ಟು ವರ್ಷದಲ್ಲಿ ನಾವಿಬ್ಬರು ಹೀಗೆ ಎದುರುಬದುರು ಕೂತದ್ದೇ ಇರಲಿಲ್ಲ. ಓದುವುದರ ನಡುವೆ ಅತ್ತೆ ಏನೇನೋ ಹೇಳುತ್ತಿದ್ದರು. ಚಿಕ್ಕವರಿದ್ದಾಗ ಅಣ್ಣ ಬರೆಯುವ ಪಾಟಿಯ ಮೇಲೆ ಒಂದು ಗೀಟು ಎಳೆದದ್ದಕ್ಕೆ ಅವರ ಅಪ್ಪ ಬಡಿದಿದ್ದನಂತೆ. ಆಮೇಲೆ ಅವರು ಪಾಟಿ ಮುಟ್ಟಲಿಲ್ಲವಂತೆ. ನಗುತ್ತಲೇ ಹೇಳಿದರು. ನನಗೆ ನಗಲಾಗಲಿಲ್ಲ. ಅವರ ಎದುರಿಗೆ ನೀಲಿ ಪುಸ್ತಕ ತೆರೆಯಲು ಆ ದಿನಗಳಲ್ಲಿ ನನಗೆ ಕೈ ಬರುತ್ತಿರಲಿಲ್ಲ.

ಒಂದು ದಿನ ಪೆಟ್ಟಿಗೆಯಲ್ಲಿ ಒಂದು ಉಪ್ಪಿನ ಪೊಟ್ಟಣ ಮಾತ್ರ ಉಳಿದಿತ್ತು. ಅದನ್ನು ಓದಿ ಮುಗಿಸಿ, ಇವತ್ತಾದರೂ ತಾಸು ನನ್ನದು ಎಂದು ಬೆನ್ನು ನೆಟ್ಟಗೆ ಮಾಡಿಕೊಂಡೆ. ಅತ್ತೆ ಬಗ್ಗಿ ಪೆಟ್ಟಿಗೆಗೆ ಮತ್ತೆ ಕೈ ಹಾಕಿದರು. ಕೈಯಲ್ಲಿ ನೀಲಿ ರಟ್ಟಿನ ಪುಸ್ತಕವಿತ್ತು. ಯಾವಾಗ ಅದನ್ನು ಅಲ್ಲಿ ಹಾಕಿದ್ದರೋ ನಾನು ನೋಡಿರಲಿಲ್ಲ.

"ಇದೊಂದು ಉಳೀತು ನೋಡು. ದಿನಾ ಇದರಾಗ ಏನೋ ಹಾಕ್ತಿ. ಒಳಗ ಏನದ ಅಂತ ಹೊರಗ ಏನೂ ಬರದಿಲ್ಲ."

"ಅದು ನನ್ನದ್ರಿ ಅತ್ತಿ. ಶಾಲಿ ಕೆಲಸದ್ದು."

"ಮನ್ಯಾಗ ಅದ ಅಲ್ಲ? ಓದು."

ತಾವೇ ಪುಟ ಮಗುಚಿದರು. ಅಕ್ಷರ, ಅಕ್ಷರ, ಅಕ್ಷರ. ಅವರ ಬೆರಳು ಒಂದು ಕಡೆ ನಿಂತಿತು. ಇಡೀ ಪುಸ್ತಕದಲ್ಲಿ ಅವರಿಗೆ ಓದಲು ಬಂದದ್ದು ಅದೊಂದೇ, ಮೂಲೆಯಲ್ಲಿ ನಾನು ಬಿಡಿಸಿದ ಮೀನು.

"ಇಲ್ಲಿಂದ."

ಬೆರಳಿಟ್ಟು ಓದಲು ಹಿಡಿದೆ. ಮೀನಿನ ಪಕ್ಕದ ನಾಲ್ಕು ಸಾಲು ಗೋಗಿಯ ಬಸ್ಸು ತಪ್ಪಿದ್ದು, ಟಂಟಂನಲ್ಲಿ ಬಂದದ್ದು. ಅದನ್ನು ನಿಧಾನವಾಗಿ ಓದಿದೆ. ಆಮೇಲೆ ಆ ಮೂರು ಸಾಲು ಬಂದವು. ಬೆರಳನ್ನು ಅವುಗಳ ಆಚೆ ದಾಟಿಸಿ, ಮರುದಿನ ಮಾಡಿದ ಹೋಳಿಗೆಯ ಸಂಗತಿಗೆ ಬಂದೆ.

"ನಡುವ ಜಿಗದಿ" ಎಂದರು ಅತ್ತೆ.

"ಇಲ್ರಿ ಅತ್ತಿ."

"ಬೆರಳು ಜಿಗೀತು. ನಾ ನೋಡೀನಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಬೆರಳನ್ನು ಹಿಂದಕ್ಕೆ ತಂದೆ. ಓದಿದೆ. ಡಬ್ಬಿಯಲ್ಲಿ ಏನಿದೆ ಎಂದು ನನಗೆ ಮೊದಲ ವಾರದಿಂದ ಗೊತ್ತು. ಅತ್ತೆಗೆ ಓದಲು ಬರುವುದಿಲ್ಲ. ಹಾಗಾಗಿ ಆ ಡಬ್ಬಿಗೂ ಭಯವಿಲ್ಲ, ಈ ಪುಸ್ತಕಕ್ಕೂ ಬೀಗ ಬೇಕಿಲ್ಲ. ನಾಲ್ಕು ಸಲ ಓದಿ ಹೆಮ್ಮೆಪಟ್ಟ ಸಾಲುಗಳನ್ನು ಐದನೆಯ ಸಲ ಓದುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ.

ಈಶಾನ್ಯ ಮೂಲೆಯಲ್ಲಿ ಮೋಟರು ಗುಳುಗುಳು ಎನ್ನುತ್ತಿತ್ತು. ಒಂಬತ್ತು ಮೀನು ಗಾಜಿನ ಈಚೆಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಬಯ್ಯಲಿ ಎಂದು ಕಾದೆ. ಅತ್ತೆ ಬಯ್ಯಲಿಲ್ಲ. ಓದಿ ಮುಗಿದ ಉಪ್ಪಿನ ಪೊಟ್ಟಣವನ್ನು ಬಗಲಿಗೆ ಹಿಡಿದುಕೊಂಡರು. ಪುಸ್ತಕವನ್ನು ಮುಚ್ಚಿ, ಮೊಣಕಾಲ ಮೇಲೆ ಕೈಯೂರಿ ಬಗ್ಗಿ, ಅದನ್ನು ಮತ್ತೆ ಖಾಲಿ ಪೆಟ್ಟಿಗೆಯೊಳಗೆ ಇಟ್ಟರು.

"ಇದು ಇನ್ನಾ ಮುಗದಿಲ್ಲ" ಎಂದರು. "ನಾಳಿಗಿ ಮೊದಲನೇ ಹಾಳಿಯಿಂದ ಓದು."